ಕೀಲಿಕೈ ಯಾರ ಕೈಯಲ್ಲಿರಬೇಕು?

ದಕ್ಷಿಣ ಕೊಡಗಿನ ಶ್ರೀಮಂಗಲದಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ ಬಿಡುವು ಕೊಡುವುದು ಅಪರೂಪ. ಬ್ರಹ್ಮಗಿರಿಯ ಕಡೆಯಿಂದ ಗಾಳಿ ಎದ್ದರೆ ಮರ ಬೀಳುತ್ತದೆ, ಮರ ಬಿದ್ದರೆ ತಂತಿ ಹರಿಯುತ್ತದೆ, ವಿದ್ಯುತ್ ಹೋದ ಕೆಲವು ಗಂಟೆಗಳಲ್ಲಿ ಮೊಬೈಲ್ ಗೋಪುರದ ಬ್ಯಾಟರಿಯೂ ಬರಿದಾಗುತ್ತದೆ. ಕಾಲೇಜು ಪ್ರವೇಶದ ಓಡಾಟವೂ ಬರುವುದು ಇದೇ ದಿನಗಳಲ್ಲಿ. ಯುಪಿಎಸ್ ಮತ್ತು ತಂತಿ ಸಂಪರ್ಕವಿರುವ ಅಂಗಡಿಯೊಂದನ್ನು ಹೇಗೋ ಹುಡುಕಿಕೊಂಡು ಕಂಪ್ಯೂಟರಿನ ಮುಂದೆ ಕುಳಿತ ವಿದ್ಯಾರ್ಥಿನಿಗೆ, ಮೊಬೈಲಿಗೆ ಕಳುಹಿಸಿರುವ ಆರು ಅಂಕಿಗಳನ್ನು ನಮೂದಿಸುವಂತೆ ಪರದೆ ಸೂಚಿಸುತ್ತದೆ. ಆ ಆರು ಅಂಕಿ ಬರುವುದಿಲ್ಲ. ಬಂದರೂ ಅಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ.

ವಿಶ್ವವಿದ್ಯಾಲಯಗಳ ಕಂಪ್ಯೂಟರ್ ಪ್ರಯೋಗಾಲಯಗಳನ್ನೂ ಲಾಗಿನ್ ವ್ಯವಸ್ಥೆಯನ್ನೂ ಮೇಲ್ದರ್ಜೆಗೇರಿಸುವ ಮಾತು ಬಂದಾಗಲೆಲ್ಲ ನಮ್ಮಲ್ಲಿ ಚರ್ಚೆಯಾಗುವುದು ಎಷ್ಟು ಯಂತ್ರ, ಯಾವ ತಂತ್ರಾಂಶ, ಎಷ್ಟು ಕೋಟಿ ಎಂಬ ಮೂರು ಪ್ರಶ್ನೆಗಳು ಮಾತ್ರ. ಬಾಗಿಲು ಯಾರಿಗೆ ತೆರೆಯುತ್ತದೆ, ಯಾರಿಗೆ ತೆರೆಯುವುದಿಲ್ಲ ಎಂಬ ನಾಲ್ಕನೆಯ ಪ್ರಶ್ನೆಯನ್ನು ಕೇಳುವವರು ಕಡಿಮೆ. ಉಳಿದ ಮೂರಕ್ಕೂ ಅರ್ಥ ಬರುವುದು ಇದಕ್ಕೆ ಉತ್ತರ ದೊರೆತ ಮೇಲೆಯೇ.

ಗುಪ್ತಪದವೆಂಬುದು ಕಂಪ್ಯೂಟರಿನೊಳಗೆ ಕಾಲಿಟ್ಟದ್ದೇ ವಿಶ್ವವಿದ್ಯಾಲಯವೊಂದರಲ್ಲಿ. 1961ರಲ್ಲಿ ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು ಒಂದೇ ಯಂತ್ರವನ್ನು ಹಲವರು ಏಕಕಾಲದಲ್ಲಿ ಬಳಸುವ ವ್ಯವಸ್ಥೆಯನ್ನು ರೂಪಿಸಿದರು. ಪ್ರತಿಯೊಬ್ಬರ ಕಡತ ಪ್ರತ್ಯೇಕವಾಗಿರಲಿ, ಯಂತ್ರದ ಸಮಯ ಎಲ್ಲರಿಗೂ ಹಂಚಿಕೆಯಾಗಲಿ ಎಂಬುದಕ್ಕಾಗಿ ಪಾಸ್‌ವರ್ಡ್ ಬಂತು. ಮರುವರ್ಷವೇ ಅಲನ್ ಶೆರ್ ಎಂಬ ಸಂಶೋಧಕ ವಿದ್ಯಾರ್ಥಿ, ತನಗೆ ದೊರೆತ ಸಮಯ ಸಾಲದೆಂದು ಎಲ್ಲರ ಪಾಸ್‌ವರ್ಡ್‌ಗಳಿದ್ದ ಕಡತವನ್ನೇ ಮುದ್ರಿಸಿಕೊಂಡು ಉಳಿದವರ ಹೆಸರಿನಲ್ಲಿ ಒಳಹೊಕ್ಕ. ವಿರಳವಾದ ಸಂಪನ್ಮೂಲವನ್ನು ನ್ಯಾಯವಾಗಿ ಹಂಚುವುದಕ್ಕೆ ಹುಟ್ಟಿದ ಸಾಧನ ಲಾಗಿನ್. ಹಂಚಿಕೆ ಸಾಲದೆ ಹೋದಾಗ ಜನ ಅಡ್ಡದಾರಿ ಹುಡುಕುತ್ತಾರೆ ಎಂಬ ಪಾಠವೂ ಅದರ ಬೆನ್ನಿಗೇ ಬಂತು.

ಕರ್ನಾಟಕದಲ್ಲಿ 2021ರಿಂದ ಪದವಿ ಶಿಕ್ಷಣದ ಆಡಳಿತ ಹಂತಹಂತವಾಗಿ ಏಕೀಕೃತ ವಿಶ್ವವಿದ್ಯಾಲಯ ಮತ್ತು ಕಾಲೇಜು ನಿರ್ವಹಣಾ ವ್ಯವಸ್ಥೆಗೆ, ಅಂದರೆ ಯುಯುಸಿಎಂಎಸ್‌ಗೆ ಬಂತು. ಪ್ರವೇಶ, ಪರೀಕ್ಷಾ ನೋಂದಣಿ, ಅಂಕ, ಫಲಿತಾಂಶ ಎಲ್ಲವೂ ಒಂದೇ ಕಡೆ ದೊರೆಯಬೇಕೆಂಬುದು ಉದ್ದೇಶ. ಉದ್ದೇಶ ಒಳ್ಳೆಯದೇ. ಕೊಡಗಿನವರು ಇದನ್ನು ಅಲ್ಲಗಳೆಯಲಾರರು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ, 2019ರಲ್ಲಿ ತೋರದಲ್ಲಿ ಬೆಟ್ಟ ಜರಿದು ಮನೆಗಳು ಮಣ್ಣುಪಾಲಾದಾಗ ಕಾಗದಪತ್ರಗಳೂ ಮಣ್ಣಿನಡಿಯಾದವು. ಅಂಕಪಟ್ಟಿ ಸರ್ವರಿನಲ್ಲಿ ಭದ್ರವಾಗಿದ್ದರೆ ಮಳೆಗೆ ಅಂಜಬೇಕಿಲ್ಲ. ಆದರೆ ಆ ಅಂಕಪಟ್ಟಿಯನ್ನು ತಲುಪುವ ದಾರಿಯೂ ಮಳೆಗೆ ನಿಲ್ಲುವಂತಿರಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯ ಪೂಜಾರಿಯಾಗಿ ಇಂದು ಲಾಗಿನ್ ಪುಟ ಕುಳಿತಿದೆ.

ಇದರ ಪರಿಣಾಮ ಏನು? ಗಡುವಿನ ದಿನಗಳಲ್ಲಿ ಯಾವುದೇ ಸಣ್ಣ ಪೇಟೆಯ ಸೈಬರ್ ಸೆಂಟರ್ ಎದುರು ನಿಂತು ನೋಡಿದರೆ ಸಾಕು. ಅಂಗಡಿಯಾತನೇ ವಿದ್ಯಾರ್ಥಿಗೆ ಖಾತೆ ತೆರೆದುಕೊಡುತ್ತಾನೆ, ಪಾಸ್‌ವರ್ಡ್ ಆಯ್ದುಕೊಡುತ್ತಾನೆ, ಮರೆತುಹೋಗದಿರಲೆಂದು ತನ್ನ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಾನೆ. ಅವನಲ್ಲಿ ದುರುದ್ದೇಶವಿಲ್ಲ, ಅವನು ಮಾಡುತ್ತಿರುವುದು ಉಪಕಾರ. ಆದರೆ ಆಧಾರ್ ಸಂಖ್ಯೆ, ಜಾತಿ ಪ್ರಮಾಣಪತ್ರ, ಬ್ಯಾಂಕ್ ಖಾತೆಯ ವಿವರಗಳ ಕೀಲಿಕೈ ಹೀಗೆ ಮೂರನೆಯವರ ನೋಟ್‌ಬುಕ್ಕಿನಲ್ಲಿ ಉಳಿದುಬಿಡುತ್ತದೆ. ಭದ್ರತೆಯ ಹೆಸರಿನಲ್ಲಿ ಬಾಗಿಲನ್ನು ತೀರಾ ಬಿಗಿ ಮಾಡಿದ ವ್ಯವಸ್ಥೆಯೇ ತನ್ನ ಬಳಕೆದಾರರನ್ನು ಅಭದ್ರತೆಗೆ ನೂಕಿದೆ. ತೋಟದ ಲೈನ್‌ಮನೆಗಳಿಂದ, ಹಾಡಿಗಳಿಂದ ಕಾಲೇಜಿಗೆ ಬರುವ ಯರವ, ಕುರುಬ ಸಮುದಾಯಗಳ ಮಕ್ಕಳ ಮಾತಂತೂ ಬೇರೆಯೇ. ಮನೆಗೆ ಒಂದೇ ಫೋನು, ಅದು ಹಗಲೆಲ್ಲ ಕೆಲಸಕ್ಕೆ ಹೋದ ತಂದೆಯ ಜೇಬಿನಲ್ಲಿ. ಕುಟುಂಬದಲ್ಲೇ ಮೊದಲಿಗಳಾಗಿ ಕಾಲೇಜಿನ ಮೆಟ್ಟಿಲು ಹತ್ತಿದವಳು ಒಟಿಪಿ ಬಾರದ ಕಾರಣಕ್ಕೆ ಒಂದು ಸೆಮಿಸ್ಟರ್ ಕಳೆದುಕೊಂಡರೆ ಆ ನಷ್ಟ ಯಾವ ಸಾಫ್ಟ್‌ವೇರ್ ವರದಿಯಲ್ಲೂ ದಾಖಲಾಗುವುದಿಲ್ಲ.

ಹೆಸರಿನ ತೊಡಕು ಇನ್ನೊಂದು. ಕೊಡವರಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಒಂದು ದಾಖಲೆಯಲ್ಲಿ ಅದು ಪೂರ್ತಿಯಾಗಿದ್ದರೆ, ಇನ್ನೊಂದರಲ್ಲಿ ಒಂದಕ್ಷರದ ಇನಿಷಿಯಲ್ ಆಗಿರುತ್ತದೆ, ಮತ್ತೊಂದರಲ್ಲಿ ಕೊನೆಗೆ ಹೋಗಿರುತ್ತದೆ. ಕನ್ನಡದಲ್ಲಿ ಒಂದೇ ರೀತಿ ಬರೆಯುವ ಹೆಸರಿಗೆ ಇಂಗ್ಲಿಷಿನಲ್ಲಿ ಮೂರು ಕಾಗುಣಿತ. ಯಂತ್ರಕ್ಕೆ ಇವರು ಮೂವರು ಬೇರೆ ಬೇರೆ ವ್ಯಕ್ತಿಗಳು. ಇದನ್ನು ಸರಿಪಡಿಸಬಲ್ಲವರು ಆ ಹುಡುಗಿಯನ್ನು ನಿತ್ಯ ತರಗತಿಯಲ್ಲಿ ಕಾಣುವ ಕಾಲೇಜಿನವರು. ತಿದ್ದುಪಡಿಯ ಅಧಿಕಾರ ಮಾತ್ರ ಅವರಿಂದ ದೂರ.

ಪರಿಹಾರ ಇಲ್ಲವೆಂದಲ್ಲ. ಲೋಕದ ಬೇರೆಡೆ ಇವು ಈಗಾಗಲೇ ರೂಢಿಯಲ್ಲಿವೆ. ಎಸ್ಸೆಮ್ಮೆಸ್ ಮೂಲಕ ಬರುವ ಒಟಿಪಿಗೆ ಗೋಪುರ ಬೇಕು. ಆದರೆ ಮೊಬೈಲಿನೊಳಗೇ ಒಂದು ಗುಪ್ತಸಂಖ್ಯೆ ಮತ್ತು ಗಡಿಯಾರದ ಸಮಯವನ್ನು ಸೇರಿಸಿ ಲೆಕ್ಕಹಾಕಿ ಆರು ಅಂಕಿ ಕೊಡುವ ಆ್ಯಪ್‌ಗಳಿಗೆ ನೆಟ್‌ವರ್ಕೇ ಬೇಡ. ಇದರ ಮಾನದಂಡ 2011ರಲ್ಲಿಯೇ ಪ್ರಕಟವಾಗಿದೆ. ಫೋನಿಲ್ಲದವರಿಗೆ ಒಮ್ಮೆ ಮಾತ್ರ ಬಳಸಬಹುದಾದ ಹತ್ತು ಸಂಕೇತಗಳನ್ನು ಪ್ರವೇಶದ ದಿನವೇ ಕಾಗದದಲ್ಲಿ ಮುದ್ರಿಸಿಕೊಡಬಹುದು. ಪಾಸ್‌ವರ್ಡ್ ಮರೆತವರು ಗುರುತಿನ ಚೀಟಿ ಹಿಡಿದು ಕಾಲೇಜಿಗೆ ಬಂದರೆ ಅಲ್ಲಿಯೇ ಹೊಸದನ್ನು ಪಡೆಯುವ ಅವಕಾಶವಿರಬೇಕು, ಹಾಗೆ ಕೊಟ್ಟವರು ಯಾರು ಎಂಬುದು ದಾಖಲಾಗಬೇಕು. ಮೂರು ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸಿ, ಚಿಹ್ನೆಗಳನ್ನು ಸೇರಿಸಿ ಎಂಬ ಒತ್ತಾಯದಿಂದ ಭದ್ರತೆ ಹೆಚ್ಚುವುದಿಲ್ಲವೆಂದು ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2017ರಲ್ಲಿಯೇ ತನ್ನ ನಿಯಮಗಳನ್ನು ತಿದ್ದಿಕೊಂಡಿತು. ನೆನಪಿನಲ್ಲಿ ಉಳಿಯುವ ಉದ್ದನೆಯ ಪದಪುಂಜವೇ ಮೇಲು.

ಇನ್ನು ಪ್ರಯೋಗಾಲಯ. ಇದನ್ನೂ ಲಾಗಿನ್ ವ್ಯವಸ್ಥೆಯನ್ನೂ ಬೇರೆ ಬೇರೆ ಟೆಂಡರುಗಳ ವಿಷಯವೆಂದು ನೋಡುವುದೇ ತಪ್ಪು. ಎಲ್ಲರಿಗೂ ಒಂದೇ ಖಾತೆ, ಗೋಡೆಗೆ ಅಂಟಿಸಿದ ಒಂದೇ ಪಾಸ್‌ವರ್ಡ್ ಇರುವ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗೆ ತನ್ನದೆಂಬ ಜಾಗವೇ ಇರುವುದಿಲ್ಲ. ಮಾಡಿದ ಕೆಲಸವನ್ನು ಪೆನ್‌ಡ್ರೈವಿನಲ್ಲಿ ಹೊತ್ತು ತಿರುಗಬೇಕು, ಜೊತೆಗೆ ವೈರಸ್ಸನ್ನೂ. ಪ್ರತಿಯೊಬ್ಬರಿಗೂ ಸ್ವಂತ ಖಾತೆಯಿದ್ದು, ಯಾವ ಯಂತ್ರದ ಮುಂದೆ ಕುಳಿತರೂ ತಮ್ಮ ಕಡತಗಳೇ ಕಾಣುವಂತಾದಾಗ ಮಾತ್ರ ಅದು ವಿಶ್ವವಿದ್ಯಾಲಯದ ಪ್ರಯೋಗಾಲಯ ಎನಿಸೀತು.

ಯಂತ್ರಗಳ ವಿಷಯದಲ್ಲಿ ನಿರ್ಧಾರದ ಕಾಲವೂ ಬಂದಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅದರ ಮುಂದಿನ ಆವೃತ್ತಿ ಹಳೆಯ ಪ್ರೊಸೆಸರುಗಳನ್ನು ಒಪ್ಪುವುದಿಲ್ಲ. ಹಾಗೆಂದು ಕೆಲಸ ಮಾಡುತ್ತಿರುವ ಯಂತ್ರಗಳನ್ನೆಲ್ಲ ಗುಜರಿಗೆ ಹಾಕಬೇಕೇ? ಶ್ರೀಮಂಗಲದಿಂದ ಕುಟ್ಟದ ಗಡಿ ದಾಟಿದರೆ ಕೇರಳದ ವಯನಾಡು. ಆ ರಾಜ್ಯ 2001ರಲ್ಲಿ ಆರಂಭಿಸಿದ ಐಟಿ ಅಟ್ ಸ್ಕೂಲ್ ಯೋಜನೆ ಮುಂದೆ ಮುಕ್ತ ತಂತ್ರಾಂಶವನ್ನೇ ಶಾಲೆಗಳ ಆಧಾರವಾಗಿಸಿಕೊಂಡಿತು. 2017ರಲ್ಲಿ ಕೈಟ್ ಎಂಬ ಸರ್ಕಾರಿ ಸಂಸ್ಥೆಯಾದ ಮೇಲೂ ಶಾಲೆಗಳಿಗೆ ತಾನೇ ಸಜ್ಜುಗೊಳಿಸಿದ ಲಿನಕ್ಸ್ ಆವೃತ್ತಿಯನ್ನು ಕೊಡುತ್ತಿದೆ, ಶಿಕ್ಷಕರಿಗೆ ತರಬೇತಿಯನ್ನೂ ನೀಡುತ್ತಿದೆ. ಗಡಿಯಾಚೆಯ ಶಾಲಾಮಕ್ಕಳಿಗೆ ಸಾಧ್ಯವಾದದ್ದು ಈಚೆಯ ವಿಶ್ವವಿದ್ಯಾಲಯಗಳಿಗೆ ಅಸಾಧ್ಯವೆನ್ನುವುದು ನಾಚಿಕೆಯ ಮಾತು. ಪರವಾನಗಿಯಲ್ಲಿ ಉಳಿದ ಹಣದಿಂದ ಯುಪಿಎಸ್ ಬ್ಯಾಟರಿ ಬದಲಿಸಬಹುದು, ಪ್ರಯೋಗಾಲಯವನ್ನು ಸಂಜೆಯವರೆಗೆ ತೆರೆದಿಡಲು ಒಬ್ಬ ಸಹಾಯಕರನ್ನು ನೇಮಿಸಬಹುದು.

ಒಳ್ಳೆಯ ಲಾಗಿನ್ ಎಷ್ಟು ದೊಡ್ಡ ಬಾಗಿಲನ್ನು ತೆರೆಯಬಲ್ಲದು ಎಂಬುದಕ್ಕೂ ನಿದರ್ಶನವಿದೆ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಯಡಿ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಮೂವತ್ತು ಪ್ರಕಾಶಕರ ಸುಮಾರು 13,000 ವಿದ್ವತ್ ಪತ್ರಿಕೆಗಳು ಸಿಗುತ್ತವೆ. ಮೂರು ವರ್ಷಗಳಿಗೆ ಇದಕ್ಕೆ ಇಟ್ಟ ಮೊತ್ತ 6,000 ಕೋಟಿ ರೂಪಾಯಿ. ಸಂಸ್ಥೆ ತನ್ನ ವಿದ್ಯಾರ್ಥಿಗಳ ಗುರುತನ್ನು ಸರಿಯಾಗಿ ನಿರ್ವಹಿಸಿ ಇನ್‌ಫ್ಲಿಬ್‌ನೆಟ್ ಜಾಲಕ್ಕೆ ಜೋಡಿಸಿದ್ದರೆ ಸರ್ಕಾರಿ ಕಾಲೇಜಿನ ಹುಡುಗ ಮನೆಯಲ್ಲಿ ಕುಳಿತೇ ಅವನ್ನು ಓದಬಹುದು. ಇಲ್ಲದಿದ್ದರೆ ದೇಶ ತೆತ್ತ ಚಂದಾ ಆವರಣದ ಗೋಡೆಯೊಳಗೇ ಉಳಿಯುತ್ತದೆ.

ಕೊಡಗಿಗೆ ಇನ್ನೊಂದು ವಿಶೇಷ ಕಾರಣವೂ ಇದೆ. ಇಲ್ಲಿನ ಒಂದೇ ಮನೆಯ ಮೂರು ತಲೆಮಾರಿನವರು ಮೂರು ವಿಶ್ವವಿದ್ಯಾಲಯಗಳ ಪದವಿ ಪಡೆದಿರಬಹುದು: ಅಜ್ಜ ಮೈಸೂರಿನದು, 1980ರ ನಂತರ ಓದಿದ ತಾಯಿ ಮಂಗಳೂರಿನದು, ಮಗಳು 2023ರಲ್ಲಿ ಚಿಕ್ಕ ಅಳುವಾರದ ಜ್ಞಾನಕಾವೇರಿ ಆವರಣದಲ್ಲಿ ಆರಂಭವಾದ ಕೊಡಗು ವಿಶ್ವವಿದ್ಯಾಲಯದ್ದು. ಆರಂಭವಾಗಿ ಎರಡು ವರ್ಷ ತುಂಬುವ ಮೊದಲೇ, 2025ರ ಫೆಬ್ರುವರಿಯಲ್ಲಿ, ಸಚಿವ ಸಂಪುಟದ ಉಪಸಮಿತಿಯು ಮುಚ್ಚಲು ಶಿಫಾರಸು ಮಾಡಿದ ಒಂಬತ್ತು ವಿಶ್ವವಿದ್ಯಾಲಯಗಳಲ್ಲಿ ಇದೂ ಒಂದಾಗಿತ್ತು. ವಿಶ್ವವಿದ್ಯಾಲಯ ಬೆಳೆಯಬೇಕು ಎಂಬುದು ಈ ಲೇಖಕನ ಆಸೆ. ಆದರೆ ಆಡಳಿತದ ಗಡಿಗಳು ಹೇಗೆ ಬದಲಾದರೂ ವಿದ್ಯಾರ್ಥಿಯ ಖಾತೆ, ಅಂಕ, ಇಮೇಲ್ ಅನಾಥವಾಗಬಾರದು. ಪ್ರತಿ ವಿಶ್ವವಿದ್ಯಾಲಯವೂ ದಾಖಲೆಗಳನ್ನು ಮುಕ್ತ ಮಾದರಿಯಲ್ಲಿಟ್ಟು, ಹಸ್ತಾಂತರದ ವಿಧಾನವನ್ನು ಮೊದಲೇ ಬರೆದಿಟ್ಟಿರಬೇಕು.

ಇಷ್ಟು ಸಡಿಲಿಸಿದರೆ ಭದ್ರತೆಗೆ ಧಕ್ಕೆಯಾಗದೇ ಎಂದು ಆಡಳಿತಗಾರರು ಕೇಳಬಹುದು. ಸಡಿಲಿಸಿ ಎಂದು ಯಾರೂ ಕೇಳುತ್ತಿಲ್ಲ, ಕೀಲಿಕೈಯನ್ನು ಅದರ ಒಡೆಯರ ಕೈಗೆ ಕೊಡಿ ಎಂಬುದಷ್ಟೇ ಬೇಡಿಕೆ. ಸೈಬರ್ ಸೆಂಟರಿನ ನೋಟ್‌ಬುಕ್ಕಿಗಿಂತ ಕಾಲೇಜಿನ ಮೇಜು ಹೆಚ್ಚು ಭದ್ರ. ಸಿಬ್ಬಂದಿ ಎಲ್ಲಿ ಎಂಬ ಪ್ರಶ್ನೆಗೂ ಅರ್ಧ ಉತ್ತರವಿದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಕಂಪ್ಯೂಟರ್ ಸಹಿತ ಅರಿವು ಕೇಂದ್ರಗಳಾಗಿ ರೂಪಿಸುವ ಕೆಲಸ ರಾಜ್ಯದಲ್ಲಿ ನಡೆದಿದೆ. ವಿಶ್ವವಿದ್ಯಾಲಯ ಅವುಗಳ ಜೊತೆ ಕೈಜೋಡಿಸಿ, ಅಲ್ಲಿನ ಮೇಲ್ವಿಚಾರಕರಿಗೆ ಎರಡು ದಿನ ತರಬೇತಿ ಕೊಟ್ಟರೆ ಊರಿನಲ್ಲಿಯೇ ಒಂದು ನಂಬಿಕೆಯ ಕಿಂಡಿ ತೆರೆದಂತಾಗುತ್ತದೆ. ವಿದ್ಯುತ್ ಅಥವಾ ಸಂಪರ್ಕ ಕಡಿದ ಪ್ರದೇಶಗಳಿಗೆ ಗಡುವು ತಾನಾಗಿ ವಿಸ್ತರಣೆಯಾಗುವ ನಿಯಮವಿರಲಿ. ಇದಕ್ಕೆ ಹಣವೂ ಬೇಡ, ಒಂದು ಆದೇಶ ಸಾಕು.

2020ರಲ್ಲಿ, ಕೋವಿಡ್ ಕಾಲದಲ್ಲಿ, ಇದೇ ಜಿಲ್ಲೆಯ ಮುಳ್ಳೂರಿನ ಸರ್ಕಾರಿ ಶಾಲೆಯ ಶಿಕ್ಷಕರೊಬ್ಬರು ಸಿಗ್ನಲ್‌ಗಾಗಿ ಮರದ ಮೇಲೆ ಅಟ್ಟಣಿಗೆ ಕಟ್ಟಿಕೊಂಡು ಪಾಠ ಮಾಡಿದರು. ನಾವೆಲ್ಲ ಮೆಚ್ಚಿದೆವು. ಮೆಚ್ಚುವುದು ಸುಲಭ. ಆದರೆ ಶಿಕ್ಷಕ ಮರ ಹತ್ತಬೇಕಾಗಿ ಬಂದದ್ದು ಯಾರ ಲೋಪದಿಂದ ಎಂದು ಕೇಳಿಕೊಳ್ಳಲಿಲ್ಲ. ಮುಂದೆ ಯಾವುದೇ ವಿಶ್ವವಿದ್ಯಾಲಯದ ಹೊಸ ಲಾಗಿನ್ ವ್ಯವಸ್ಥೆಯನ್ನು ಒಪ್ಪಿಕೊಳ್ಳುವ ಮೊದಲು ಅದನ್ನು ಬೆಂಗಳೂರಿನ ಹವಾನಿಯಂತ್ರಿತ ಕೊಠಡಿಯಲ್ಲಿ ಪರೀಕ್ಷಿಸಿದರೆ ಸಾಲದು. ಜುಲೈ ತಿಂಗಳ ಒಂದು ಸಂಜೆ, ಮಳೆ ಸುರಿಯುತ್ತಿರುವಾಗ, ಶ್ರೀಮಂಗಲದಲ್ಲಿ ಕುಳಿತು ಒಮ್ಮೆ ಲಾಗಿನ್ ಆಗಿ ನೋಡಲಿ. ಅಲ್ಲಿ ಬಾಗಿಲು ತೆರೆದರೆ ರಾಜ್ಯದ ಎಲ್ಲೆಡೆಯೂ ತೆರೆದೀತು.