ಪ್ರವಾಸವೂ ಪಾಠವಾಗಲಿ

ದಕ್ಷಿಣದ ಗಿರಿಪಟ್ಟಣಗಳಲ್ಲಿ ಕೊಡೈಕನಾಲ್ ಶಾಲಾಪ್ರವಾಸಗಳಿಗೆ ಚಿರಪರಿಚಿತವಾದುದು. ಮಕ್ಕಳು ಸರೋವರದಲ್ಲಿ ದೋಣಿಯೇರುತ್ತಾರೆ. ಮಂಜು ಮುಸುಕಿದ ಬಂಡೆಗಳೆದುರು ಛಾಯಾಚಿತ್ರ ತೆಗೆಸಿಕೊಂಡು ಮರಳುತ್ತಾರೆ. ಅದೇ ಊರಿನ ಎತ್ತರದಲ್ಲಿ, ಸಮುದ್ರಮಟ್ಟದಿಂದ ಸುಮಾರು 2,340 ಮೀಟರ್ ಮೇಲೆ, ಶತಮಾನಕ್ಕೂ ಮಿಗಿಲಾಗಿ ಸೂರ್ಯನನ್ನೇ ನೋಡುತ್ತ ಬಂದಿರುವ ವೀಕ್ಷಣಾಲಯವೊಂದಿದೆಯೆಂಬುದನ್ನು ಬಹುಮಂದಿ ಅರಿಯದೆಯೇ ಬೆಟ್ಟವಿಳಿಯುತ್ತಾರೆ. ಇದು ವಿಷಾದದ ಸಂಗತಿ.

ಈ ವೀಕ್ಷಣಾಲಯದ ಹುಟ್ಟಿನ ಹಿಂದೆ ಹಸಿವಿನ ಕಥೆಯಿದೆ. 1876-78ರ ಘೋರ ಕ್ಷಾಮದಲ್ಲಿ ಮದರಾಸು ಪ್ರಾಂತವೂ ಮೈಸೂರು ಸೀಮೆಯೂ ಲಕ್ಷಾಂತರ ಜನರನ್ನು ಕಳೆದುಕೊಂಡವು. ಮಳೆ ಕೈಕೊಡುವುದಕ್ಕೂ ಸೂರ್ಯಕಲೆಗಳ ಏರಿಳಿತಕ್ಕೂ ನಂಟಿರಬಹುದೇ ಎಂಬ ಜಿಜ್ಞಾಸೆ ಅಂದು ಬಲವಾಯಿತು. ಅದರ ಫಲವಾಗಿ, ಮದರಾಸಿನ ಹಳೆಯ ವೀಕ್ಷಣಾಲಯದ ಪರಂಪರೆಯಲ್ಲಿ, 1899ರಲ್ಲಿ ಮಿಚಿ ಸ್ಮಿತ್ ಅವರ ನೇತೃತ್ವದಲ್ಲಿ ಇಲ್ಲಿ ಸೌರವೀಕ್ಷಣಾಲಯ ನೆಲೆಗೊಂಡಿತು. ಮಳೆಯ ಒಗಟು ಆ ದಾರಿಯಲ್ಲಿ ಬಿಡಿಸಿಕೊಳ್ಳಲಿಲ್ಲ. ಆದರೆ ಶ್ರಮ ವ್ಯರ್ಥವಾಗಲಿಲ್ಲ. 1909ರಲ್ಲಿ ಜಾನ್ ಎವರ್‌ಶೆಡ್ ಅವರು ಸೂರ್ಯಕಲೆಯ ಅಂಚಿನ ಅರೆನೆರಳಿನಲ್ಲಿ ಅನಿಲವು ಹೊರಮುಖವಾಗಿ ಹರಿಯುವುದನ್ನು ಇಲ್ಲಿಯೇ ಕಂಡುಹಿಡಿದರು. ಆ ವಿದ್ಯಮಾನ ಇಂದಿಗೂ ಅವರ ಹೆಸರಿನಿಂದಲೇ ಪ್ರಸಿದ್ಧ. 1960ರಲ್ಲಿ ವೈಣು ಬಪ್ಪು ಅವರು ಇದರ ನಿರ್ದೇಶಕರಾದರು. 1971ರಲ್ಲಿ ರೂಪುಗೊಂಡ ಭಾರತೀಯ ಖಭೌತ ಸಂಸ್ಥೆಯ ಅಂಗವಾಗಿ ಇದು ಮುಂದುವರಿದಿದೆ. ಆ ಸಂಸ್ಥೆಯ ಕೇಂದ್ರಸ್ಥಾನ ನಮ್ಮ ಬೆಂಗಳೂರು.

ಹಳೆಯ ದೂರದರ್ಶಕಗಳನ್ನು ನೋಡಿ ಮಕ್ಕಳಿಗೇನು ಲಾಭವೆಂದು ಕೇಳುವವರುಂಟು. ಅಲ್ಲಿ ನೋಡಬೇಕಾದುದು ಯಂತ್ರವನ್ನಷ್ಟೇ ಅಲ್ಲ, ಯಂತ್ರದ ಹಿಂದಿನ ನಿಯಮನಿಷ್ಠೆಯನ್ನು. ಆಕಾಶ ತಿಳಿಯಾದ ದಿನಗಳಲ್ಲೆಲ್ಲ ಸೂರ್ಯಬಿಂಬದ ಚಿತ್ರ ತೆಗೆದು, ದಿನಾಂಕ ಬರೆದು, ಜೋಪಾನವಾಗಿಡುವ ಕೆಲಸ ಇಪ್ಪತ್ತನೆಯ ಶತಮಾನದ ಆರಂಭದಿಂದ ತಲೆಮಾರುಗಳ ಕೈದಾಟಿ ನಡೆದುಬಂದಿದೆ. ಒಂದು ದಿನದ ಗಾಜಿನ ಫಲಕಕ್ಕೆ ಹೆಚ್ಚಿನ ಬೆಲೆ ತೋರದು. ನೂರು ವರ್ಷಗಳ ಫಲಕಗಳು ಒಟ್ಟಾದಾಗ ಅದು ಅನರ್ಘ್ಯ ನಿಧಿ. ಕಳೆದುಹೋದ ದಿನದ ಸೂರ್ಯನನ್ನು ಇಂದಿನ ಯಾವ ನೂತನ ಯಂತ್ರವೂ ಸೆರೆಹಿಡಿಯಲಾರದು. ಆದುದರಿಂದಲೇ ವಿಜ್ಞಾನಿಗಳು ಆ ಫಲಕಗಳನ್ನು ಗಣಕರೂಪಕ್ಕೆ ತಂದು ಅಭ್ಯಸಿಸುತ್ತಿದ್ದಾರೆ. ಪರೀಕ್ಷೆಯ ಹಿಂದಿನ ರಾತ್ರಿ ಮಾತ್ರ ಪುಸ್ತಕ ತೆರೆಯುವ ವಿದ್ಯಾರ್ಥಿಗೆ ಇದಕ್ಕಿಂತ ಹಿತವಾದ ಉಪದೇಶ ಯಾವುದಿದೆ?

ಆದರೆ ಸಿದ್ಧತೆಯಿಲ್ಲದ ದರ್ಶನ ಬರಿಯ ನೋಟವಾಗುತ್ತದೆ. ಹೊರಡುವ ಮೊದಲು ಉಪಾಧ್ಯಾಯರು ಸೂರ್ಯಕಲೆಯ ಪಾಠವನ್ನೂ ಕ್ಷಾಮದ ಇತಿಹಾಸವನ್ನೂ ಹೇಳಲಿ. ಪತ್ರ ಬರೆದು ಅನುಮತಿ ಪಡೆಯಲಿ. ಹಳೆಯ ವಿದ್ಯಾರ್ಥಿಗಳಲ್ಲಿ ವಿಜ್ಞಾನ ಬಲ್ಲವರು ಜೊತೆಗೂಡಲಿ. ದಾನಿಗಳು ಕಟ್ಟಡಕ್ಕೆ ಕೊಡುವ ಔದಾರ್ಯದ ಒಂದಂಶವನ್ನು ಬಡಮಕ್ಕಳ ಪ್ರವಾಸವೆಚ್ಚಕ್ಕೆ ಮೀಸಲಿಡಲಿ. ದೋಣಿವಿಹಾರ ಬೇಡವೆಂದಲ್ಲ, ಅದಕ್ಕೆ ಒಂದು ಗಂಟೆ ಸಾಕು. ಇನ್ನೊಂದು ಗಂಟೆ ಆ ಮೌನದ ಬೆಟ್ಟಕ್ಕೆ ಸಲ್ಲಲಿ.