ಬೆಟ್ಟದ ಗಾಳಿಯೂ ನಮ್ಮ ಜನರೇಟರೂ

ನೀಲಗಿರಿಯ ನೀರು ನಾಡಿಗೆ ಬೆಳಕು ಕೊಡತೊಡಗಿ ಒಂಬತ್ತು ದಶಕಗಳು ಸಂದಿವೆ. 1932ರಲ್ಲಿ ಪೈಕಾರದ ವಿದ್ಯುದಾಗಾರ ಆರಂಭವಾಯಿತು. ಅನಂತರ ಕುಂದಾ ಯೋಜನೆಯೂ ಬಂದಿತು. ಹೀಗಿದ್ದೂ ಮಳೆಗಾಲದಲ್ಲಿ ಮರ ಉರುಳಿ, ಗುಡ್ಡ ಕುಸಿದು, ತಂತಿ ಹರಿದರೆ ನಮ್ಮ ಹಟ್ಟಿಗಳಿಗೆ ದಿನಗಟ್ಟಲೆ ಕತ್ತಲೆಯೇ ಗತಿ. 2019ರ ಆಗಸ್ಟ್ 8ರಂದು ಅವಲಾಂಚಿಯಲ್ಲಿ ಒಂದೇ ದಿನ 82 ಸೆಂಟಿಮೀಟರ್ ಮಳೆ ಸುರಿದುದನ್ನು ನಾವಾರೂ ಮರೆತಿಲ್ಲ. ಅಂತಹ ದಿನಗಳಲ್ಲಿ ಶಾಲೆಗೂ ಆಸ್ಪತ್ರೆಗೂ ನೀರಿನ ಪಂಪಿಗೂ ಜನರೇಟರೇ ಆಸರೆ. ನಮ್ಮ ಶಾಲೆಗೂ ಒಂದನ್ನು ಕೊಳ್ಳಲು ಪೋಷಕರು ಹಣ ಕೂಡಿಸುತ್ತಿದ್ದಾರೆ. ಕೊಳ್ಳುವ ಮೊದಲು ನಮ್ಮ ಅಭಿಪ್ರಾಯವನ್ನು ಅವರ ಮುಂದಿಡುವುದು ಕರ್ತವ್ಯವೆಂದು ಭಾವಿಸುತ್ತೇವೆ.

ಕಳೆದ ವಾರ್ಷಿಕೋತ್ಸವದಂದು ಬಯಲಿನಿಂದ ಬಾಡಿಗೆಗೆ ತಂದ ಪೆಟ್ರೋಲ್ ಜನರೇಟರು ನಾಟಕದ ನಡುವೆ ನಿಂತುಹೋದುದು ಎಲ್ಲರಿಗೂ ನೆನಪಿದೆ. ಅದರ ಫಲಕದಲ್ಲಿ 4 ಕಿಲೋವ್ಯಾಟ್ ಎಂದಿತ್ತು. ನಾವು ಹೇರಿದ ಹೊರೆ ಮೂರೂವರೆ. ಮೊದಲು ದೀಪಗಳು ಮಂಕಾದವು, ಆಮೇಲೆ ಕಪ್ಪು ಹೊಗೆ ಬಂದಿತು, ಕೊನೆಗೆ ಯಂತ್ರವೇ ನಿಂತಿತು. ಪೆಟ್ರೋಲಿನಲ್ಲಿ ಕಲಬೆರಕೆಯಿದೆ ಎಂದು ಕೆಲವರು, ಯಂತ್ರ ಹಳೆಯದೆಂದು ಕೆಲವರು ದೂರಿದರು. ನಿಜವಾದ ಕಾರಣ ನಾವು ಉಸಿರಾಡುವ ಗಾಳಿಯಲ್ಲಿತ್ತು.

ಉದಕಮಂಡಲ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಇಲ್ಲಿನ ವಾಯುಭಾರ ಕಡಲತೀರದ ಮುಕ್ಕಾಲು ಪಾಲು ಮಾತ್ರ. ಆದುದರಿಂದಲೇ ನೀರು ಇಲ್ಲಿ 92-93 ಡಿಗ್ರಿಗೇ ಕುದಿಯುತ್ತದೆ, ತೆರೆದ ಪಾತ್ರೆಯಲ್ಲಿ ಬೇಳೆ ಬೇಯಲು ಹೆಚ್ಚು ಹೊತ್ತು ಬೇಕಾಗುತ್ತದೆ. ಈ ವಿಷಯ ನಮ್ಮ ತಾಯಂದಿರಿಗೆ ತಿಳಿದದ್ದೇ. ಇಂಜಿನ್ನಿಗೂ ಅದೇ ಗತಿ. ತೆಳುವಾದ ಗಾಳಿಯಲ್ಲಿ ಆಮ್ಲಜನಕ ಕಡಮೆ. ಆಮ್ಲಜನಕ ಕಡಮೆಯಾದರೆ ಉರಿಸಬಹುದಾದ ಇಂಧನವೂ ಕಡಮೆ. ಪ್ರತಿ 300 ಮೀಟರಿಗೆ ಸುಮಾರು ಶೇಕಡಾ 3ರಷ್ಟು ಶಕ್ತಿ ಇಳಿಯುತ್ತದೆಂಬುದು ಸಾಮಾನ್ಯ ಲೆಕ್ಕ. ಈ ಲೆಕ್ಕದಂತೆ ಬಯಲಿನ 4 ಕಿಲೋವ್ಯಾಟ್ ಇಲ್ಲಿ 3ಕ್ಕಿಂತ ಸ್ವಲ್ಪವೇ ಹೆಚ್ಚು. ಫಲಕ ಸುಳ್ಳು ಹೇಳಿರಲಿಲ್ಲ. ಅದು ತಗ್ಗಿನ ಊರಿನ ಮಾತನ್ನು ಹೇಳಿತ್ತು.

ಇನ್ನು ಇಂಧನದ ಮಾತು. ಕಾರ್ಬೊರೇಟರ್ ಇರುವ ಪೆಟ್ರೋಲ್ ಯಂತ್ರವನ್ನು ಬಯಲಿಗೆ ಹೊಂದಿಸಿದ್ದರೆ ಇಲ್ಲಿ ಅದಕ್ಕೆ ಗಾಳಿ ಸಾಲದೆ ಪೆಟ್ರೋಲ್ ಹೆಚ್ಚಾಗುತ್ತದೆ; ಪ್ಲಗ್ಗಿಗೆ ಮಸಿ ಹಿಡಿಯುತ್ತದೆ. ಸಣ್ಣ ಜೆಟ್ ಹಾಕಿಸಿದರೆ ಹೊಗೆ ನಿಲ್ಲುವುದು, ಆದರೆ ಕಳೆದ ಶಕ್ತಿ ಪೂರ್ತಿ ಮರಳದು. ಅದೇ ಜೆಟ್ಟಿನೊಡನೆ ಯಂತ್ರವನ್ನು ಮೇಟುಪಾಳಯಕ್ಕೆ ಇಳಿಸಿದರೆ ಅತಿಯಾಗಿ ಕಾಯುವ ಭಯವುಂಟು. ಪೆಟ್ರೋಲನ್ನು ತಿಂಗಳುಗಟ್ಟಲೆ ಇಟ್ಟರೆ ಕೆಡುತ್ತದೆ, ಬೆಂಕಿಯ ಅಪಾಯವೂ ಹೆಚ್ಚು.

ಅಡಿಗೆ ಅನಿಲದ ಯಂತ್ರ ಹೊಗೆ ಕಡಮೆ ಉಗುಳುವುದು ನಿಜ. ಆದರೆ ಅನಿಲದಲ್ಲಿರುವ ಬ್ಯೂಟೇನ್ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಆವಿಯಾಗಲೊಲ್ಲದು. ಮಾರ್ಗಶಿರ-ಪುಷ್ಯದ ಹಿಮ ಬೀಳುವ ಮುಂಜಾವಿನಲ್ಲಿ ಸಿಲಿಂಡರಿನ ಒತ್ತಡ ಕುಗ್ಗುತ್ತದೆ.

ಡೀಸೆಲ್ ಒಂದು ಲೀಟರಿಗೆ ಹೆಚ್ಚು ಕೆಲಸ ಕೊಡುತ್ತದೆ, ಹೆಚ್ಚು ದಿನ ನಿಲ್ಲುತ್ತದೆ. ಎತ್ತರದಲ್ಲಿ ಅದರ ಇಂಜಿನ್ನೂ ಸೋಲುತ್ತದೆ. ಆದರೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇದ್ದರೆ ನಷ್ಟ ಬಹುಮಟ್ಟಿಗೆ ತಗ್ಗುವುದು. ಚಳಿಯ ಬೆಳಿಗ್ಗೆ ಹೊರಡಿಸುವುದು ತುಸು ಕಷ್ಟ. ಲಡಾಖಿನ ಚಳಿಯಲ್ಲಂತೂ ಸಾಧಾರಣ ಡೀಸೆಲಿನ ಮೇಣ ಹೆಪ್ಪುಗಟ್ಟುತ್ತದೆ; ಅಲ್ಲಿಗಾಗಿ 2019ರಲ್ಲಿ ಇಂಡಿಯನ್ ಆಯಿಲ್ ಸಂಸ್ಥೆ ಚಳಿಗಾಲದ ವಿಶೇಷ ಡೀಸೆಲನ್ನೇ ಹೊರತಂದಿತು. ನಮ್ಮಲ್ಲಿ ಚಳಿ ಅಷ್ಟು ಕಡುವಾದುದಲ್ಲ.

ಆದುದರಿಂದ ನಮ್ಮ ಅಭಿಪ್ರಾಯವಿಷ್ಟು: ಶಾಲೆಗೆ ಡೀಸೆಲ್ ಯಂತ್ರವೇ ತಕ್ಕುದು. ಅಂಗಡಿಯವರನ್ನು ಬೆಲೆ ಕೇಳುವ ಮೊದಲು “2,240 ಮೀಟರ್ ಎತ್ತರದಲ್ಲಿ ಇದು ಎಷ್ಟು ಕೊಡುತ್ತದೆ?” ಎಂದು ಕೇಳಿ, ತಯಾರಕರ ಪಟ್ಟಿಯಿಂದಲೇ ಉತ್ತರ ಪಡೆಯಬೇಕು. ನಮ್ಮ ಹೊರೆ 3 ಕಿಲೋವ್ಯಾಟ್ ಆದರೆ ಫಲಕದಲ್ಲಿ 5 ಇರುವ ಯಂತ್ರ ಬೇಕು. ದೊಡ್ಡದಿದ್ದಷ್ಟೂ ಒಳ್ಳೆಯದೆಂದು 10 ತರುವುದೂ ತಪ್ಪು. ಸದಾ ಹಗುರ ಹೊರೆಯಲ್ಲಿ ಓಡುವ ಡೀಸೆಲ್ ಇಂಜಿನ್ನಿನೊಳಗೆ ಮಸಿ ಕಟ್ಟುತ್ತದೆ. ಪಂಪು ಹೊರಡುವಾಗ ಕೆಲವು ಪಟ್ಟು ವಿದ್ಯುತ್ತನ್ನು ಎಳೆಯುವುದರಿಂದ ಮೊದಲು ಪಂಪು, ಆಮೇಲೆ ದೀಪ ಎಂಬ ಕ್ರಮವಿರಲಿ. ಹಳೆಯ ಬಲ್ಬುಗಳ ಬದಲು ಎಲ್‌ಇಡಿ ದೀಪ ಹಾಕಿದರೆ ಹೊರೆಯೇ ಇಳಿಯುವುದು.

ಒಂದು ಮಾತನ್ನು ಎಲ್ಲಕ್ಕಿಂತ ಗಟ್ಟಿಯಾಗಿ ಹೇಳಬೇಕಾಗಿದೆ. ಚಳಿಯೆಂದು, ಮಳೆಯೆಂದು ಜನರೇಟರನ್ನು ಕೋಣೆಯೊಳಗಾಗಲಿ ಜಗಲಿಯಲ್ಲಾಗಲಿ ಓಡಿಸಕೂಡದು. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಯಂತ್ರಕ್ಕೆ ಕಟ್ಟಡದಿಂದ ದೂರದಲ್ಲಿ, ಗಾಳಿಯಾಡುವ ಬೇರೆ ಚಪ್ಪರವೇ ಬೇಕು. ಅದರ ಖರ್ಚನ್ನೂ ಈಗಲೇ ಲೆಕ್ಕಕ್ಕೆ ಸೇರಿಸಬೇಕು.

ವಿದ್ಯಾರ್ಥಿ ಮಿತ್ರರೇ, ಶಾಲೆಯ ಪ್ರತಿಯೊಂದು ದೀಪದ, ಪಂಪಿನ, ಕಂಪ್ಯೂಟರಿನ ವ್ಯಾಟ್ ಬರೆದು ಕೂಡಿಸುವ ಕೆಲಸ ನಿಮ್ಮದಾಗಲಿ. ತೋಟದಲ್ಲಿ ದುಡಿದ ಕೂಲಿಯಿಂದ ನಿಮ್ಮ ತಂದೆತಾಯಿಗಳು ಕೊಡುವ ಹಣವಿದು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಹೇಳಿದ್ದಾರೆ. ಚಾಚುವ ಮೊದಲು ಹಾಸಿಗೆಯನ್ನು ನಮ್ಮ ಬೆಟ್ಟದ ಮೇಲೆಯೇ ಅಳೆಯೋಣ.