ಊಟಿಗೆ ಸೈಕಲ್ ಕಟ್ಟುವುದೋ, ಮೇಲುಕೋಟೆಗೆ ತುಳಿಯುವುದೋ

ಏಪ್ರಿಲ್ ಎರಡನೇ ವಾರ ಶಾಲೆಗಳಿಗೆ ರಜೆ ಸಿಕ್ಕಿತೆಂದರೆ ಬೆಳಗೊಳ, ಶ್ರೀರಂಗಪಟ್ಟಣ, ಪಾಂಡವಪುರದ ಮನೆಗಳಲ್ಲಿ ಊಟಿಯ ಮಾತು ಏಳುತ್ತದೆ. ಪಕ್ಕದಲ್ಲೇ ಮೈಸೂರು, ಅಲ್ಲಿಂದ ಗುಂಡ್ಲುಪೇಟೆ, ಬಂಡೀಪುರ, ಆಮೇಲೆ ನೀಲಗಿರಿ. ಬೆಳಿಗ್ಗೆ ಬೇಗ ಹೊರಟರೆ ಮಧ್ಯಾಹ್ನದ ಊಟ ತಂಪಿನಲ್ಲೇ. ಮಕ್ಕಳು ಸೈಕಲ್ಲನ್ನೂ ಕಾರಿನ ಹಿಂದೆ ಕಟ್ಟಿಕೊಂಡು ಹೋಗೋಣ ಎನ್ನುತ್ತಾರೆ. ಅದಕ್ಕೆ ಮನೆಯಲ್ಲೇ ಯಾರಾದರೊಬ್ಬರು ಅಡ್ಡಮಾತು ಆಡುತ್ತಾರೆ: ಬೆಟ್ಟ ಬೇಕಾದರೆ ಕುಂತಿಬೆಟ್ಟ ಇದೆ, ಮೇಲುಕೋಟೆ ಇದೆ, ಸೈಕಲ್ ಬೇಕಾದರೆ ಮನೆ ಬಾಗಿಲಿಂದಲೇ ತುಳಿಯಿರಿ, ಇಷ್ಟಕ್ಕೆ ಅಷ್ಟು ಡೀಸೆಲ್ ಏಕೆ?

ಊಟಿಯ ಪರವಾದ ದೊಡ್ಡ ಮಾತು ತಂಪು. ಸಾವಿರ ಮೀಟರ್ ಏರಿದರೆ ಗಾಳಿ ಸುಮಾರು ಆರೂವರೆ ಡಿಗ್ರಿ ತಣ್ಣಗಾಗುತ್ತದೆ. ಬೆಳಗೊಳ ಇರುವುದು ಸಮುದ್ರಮಟ್ಟದಿಂದ ಏಳುನೂರು ಮೀಟರ್ ಚಿಲ್ಲರೆ ಎತ್ತರದಲ್ಲಿ, ಊಟಿ 2,240 ಮೀಟರ್‌ನಲ್ಲಿ. ಅಂದರೆ ಹತ್ತು ಡಿಗ್ರಿಯ ಅಂತರ. ನಮ್ಮಲ್ಲಿ ನಡುಮಧ್ಯಾಹ್ನ 35 ದಾಟಿದ ದಿನ ಅಲ್ಲಿ ಸಂಜೆಗೆ ಸ್ವೆಟರ್ ಹುಡುಕಬೇಕಾಗುತ್ತದೆ. ಕುಂತಿಬೆಟ್ಟ ಇದನ್ನು ಕೊಡಲಾರದು. ಅದು ಬರಿ ಬಂಡೆ, ಬಿಸಿಲೇರಿದ ಮೇಲೆ ಕಾಲಿಡಲಾಗುವುದಿಲ್ಲ. ಅಜ್ಜಿ ತಾತನನ್ನು ಅಲ್ಲಿಗೆ ಹತ್ತಿಸುವುದು ಆಗದ ಮಾತು. ಕಾರಿನಲ್ಲಾದರೆ ಅವರೂ ಬರುತ್ತಾರೆ, ಕಿಟಕಿ ಪಕ್ಕ ಕೂತು ಆನೆ ಕಾಣಿಸೀತೇ ಎಂದು ಮೊಮ್ಮಕ್ಕಳ ಜೊತೆ ಕಾಯುತ್ತಾರೆ.

ಇನ್ನೊಂದು ಸಂಗತಿಯನ್ನು ಗಂಡಸರು ಸಾಮಾನ್ಯವಾಗಿ ಲೆಕ್ಕಕ್ಕೇ ಹಿಡಿಯುವುದಿಲ್ಲ. ಹತ್ತಿರದ ಪ್ರವಾಸವೆಂದರೆ ಮನೆಯ ಹೆಂಗಸಿಗೆ ರಜೆಯಿಲ್ಲ. ನಸುಕಿಗೆ ಎದ್ದು ಚಿತ್ರಾನ್ನ ಕಲಸಿ, ಬುತ್ತಿ ಕಟ್ಟಿ, ದನಕ್ಕೆ ಹುಲ್ಲು ಹಾಕಿ ಹೊರಡಬೇಕು; ಸಂಜೆ ಬಂದವಳೇ ಒಲೆ ಹಚ್ಚಬೇಕು. ಎರಡು ರಾತ್ರಿ ದೂರದೂರಿನಲ್ಲಿ ಉಳಿದರೆ ಮಾತ್ರ ಅವಳ ಕೈಗೆ ಬಿಡುವು. ಊಟಿ ಬೇಡ ಎನ್ನುವವರು ಈ ಮಾತಿಗೆ ಉತ್ತರ ಕೊಡಬೇಕು. ಖರ್ಚು ಉಳಿಯಿತು ಎನ್ನುವುದು ಉತ್ತರವಾಗುವುದಿಲ್ಲ, ಉಳಿದ ಖರ್ಚನ್ನು ಅವಳ ದುಡಿಮೆಯೇ ಭರಿಸಿರುತ್ತದೆ.

ಆದರೆ ಆ ತಂಪಿಗೆ ಈಗ ಸರದಿ ಕಾಯಬೇಕು. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ನೀಲಗಿರಿಗೆ ಹೋಗುವ ಹೊರಗಿನ ವಾಹನಗಳಿಗೆ ಇ-ಪಾಸ್ ಕಡ್ಡಾಯ. 2025ರ ಬೇಸಿಗೆಯಲ್ಲಿ ವಾರದ ದಿನಗಳಿಗೆ 6,000, ವಾರಾಂತ್ಯಕ್ಕೆ 8,000 ವಾಹನಗಳ ಮಿತಿಯನ್ನೂ ಹಾಕಿದರು. ಬಂಡೀಪುರದ ದಾರಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಮುಚ್ಚಿರುತ್ತದೆ. ಇವೆಲ್ಲ ಆ ಬೆಟ್ಟಕ್ಕೂ ಕಾಡಿಗೂ ಬೇಕಾದ ಕಟ್ಟುಪಾಡುಗಳೇ, ನಾನು ಅವನ್ನು ದೂರುವುದಿಲ್ಲ. ಇಷ್ಟು ಜನ ಒಟ್ಟಿಗೆ ಏರುವ ರಸ್ತೆಯಲ್ಲಿ ಮಗು ಸೈಕಲ್ ತುಳಿಯುವುದೆಲ್ಲಿ ಎಂಬುದೇ ನನ್ನ ಚಿಂತೆ.

ಬಂಡೀಪುರದ ಕಾಡಿನಲ್ಲಿ ಕಾರು ನಿಲ್ಲಿಸಿ ಇಳಿಯುವಂತೆಯೇ ಇಲ್ಲ. ಮಸಿನಗುಡಿಯಿಂದ ಕಲ್ಲಹಟ್ಟಿ ಘಾಟಿಯಲ್ಲಿ ಏರಿದರೆ 36 ಹೇರ್‌ಪಿನ್ ತಿರುವು. ಹತ್ತು ಹನ್ನೆರಡು ವರ್ಷದ ಮಗು ಅದನ್ನು ತುಳಿದು ಏರಲಾರದು. ಇಳಿಸುವುದಂತೂ ಇನ್ನೂ ಅಪಾಯ: ಪುಟ್ಟ ಕೈ ಒಂದೇ ಸಮನೆ ಬ್ರೇಕ್ ಹಿಡಿದು ಸೋಲುತ್ತದೆ, ರಿಮ್ಮು ಕಾಯುತ್ತದೆ, ಬ್ರೇಕ್ ರಬ್ಬರು ಜಾರುತ್ತದೆ. ಕೊನೆಗೆ ಸೈಕಲ್ಲು ಕಾರಿನ ನಂಬರ್ ಪ್ಲೇಟ್ ಮುಚ್ಚಿಕೊಂಡು ಊಟಿ ನೋಡಿ ಬರುತ್ತದೆ, ಅಷ್ಟೇ. ಕೊಡಗು, ಚಿಕ್ಕಮಗಳೂರಿನ ಮಾತು ಬೇರೆ. ಕಾಫಿ ತೋಟದ ಹೋಂಸ್ಟೇಯಲ್ಲಿ ಎರಡು ದಿನ ಒಂದೇ ಕಡೆ ಉಳಿದರೆ, ತೋಟದೊಳಗಿನ ದಾರಿಗಳಲ್ಲಿ ಹಗಲೆಲ್ಲ ತುಳಿಯಬಹುದು. ಅಲ್ಲೂ ಆನೆ ಓಡಾಡುವ ಜಾಗ ಯಾವುದೆಂದು ತೋಟದವರನ್ನು ಕೇಳದೆ ಮಕ್ಕಳನ್ನು ಬಿಡಬಾರದು.

ಇನ್ನು ಮೇಲುಕೋಟೆ. ನಮ್ಮ ಹಳ್ಳಿಗಳಿಗೆ ಸೈಕಲ್ ಹೊಸದಲ್ಲ. ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿದ ಮೇಲೆ ಹೆಣ್ಣುಮಕ್ಕಳು ಗುಂಪು ಕಟ್ಟಿಕೊಂಡು ಹೈಸ್ಕೂಲಿಗೆ ತುಳಿದು ಹೋದರು. ಆ ಸೈಕಲ್ಲು ಶಾಲೆಯ ದಾರಿ ಬಿಟ್ಟು ಬೇರೆಡೆ ಹೋದದ್ದು ಕಡಿಮೆ. ಪಾಂಡವಪುರದಿಂದ ಮೇಲುಕೋಟೆಗೆ ಸುಮಾರು 25 ಕಿ.ಮೀ. ನಾಲೆಯ ನೀರು ಹರಿಯುವ ಗದ್ದೆ, ಕಬ್ಬು, ತೆಂಗು ಹಿಂದೆ ಸರಿದು ಹೊಲ, ಕುರುಚಲು, ಕಲ್ಲುಗುಡ್ಡ ಎದುರಾಗುವುದನ್ನು ಸೈಕಲ್ಲಿನ ಮೇಲಿರುವ ಹುಡುಗಿ ತನ್ನ ಕಾಲಿನಲ್ಲೇ ಅರಿಯುತ್ತಾಳೆ. ನೀರು ಎಲ್ಲಿಯವರೆಗೆ ಏರುತ್ತದೆ, ಯಾರ ಹೊಲಕ್ಕೆ ಏರುವುದಿಲ್ಲ ಎಂಬುದು ಮಂಡ್ಯ ಜಿಲ್ಲೆಯ ಬದುಕಿನ ಮುಖ್ಯ ಪಾಠ. ಕಾರಿನಲ್ಲಿ ಅದು ಅರ್ಧ ಗಂಟೆಯಲ್ಲಿ ದಾಟಿ ಹೋಗುತ್ತದೆ. ದಾರಿಯಿಂದ ಕೊಂಚ ಸರಿದರೆ ತೊಣ್ಣೂರು ಕೆರೆ, ಮೋತಿ ತಲಾಬ್ ಎಂದೂ ಕರೆಸಿಕೊಂಡದ್ದು. ಮುಂದೆ ಬರುವ ಕಾಡು 1974ರಲ್ಲಿ ತೋಳಗಳ ಸಲುವಾಗಿ ಅಭಯಾರಣ್ಯವಾದದ್ದು. ಕೊನೆಯ ಏರಿನಲ್ಲಿ ಇಳಿದು ತಳ್ಳಬೇಕಾಗುತ್ತದೆ, ತಳ್ಳಲಿ. ಮೇಲೆ ಪುಳಿಯೋಗರೆ ಸಿಗುತ್ತದೆ.

ಇಷ್ಟೆಲ್ಲ ಹೇಳಿದರೂ ಹತ್ತಿರದ ದಾರಿ ಸುರಕ್ಷಿತ ಎಂದು ನಾನು ಹೇಳಲಾರೆ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸು ವಿಶ್ವೇಶ್ವರಯ್ಯ (ವಿ.ಸಿ.) ನಾಲೆಗೆ ಬಿದ್ದು 30 ಜನ ಸತ್ತರು, ಅವರಲ್ಲಿ ಶಾಲೆಯಿಂದ ಮನೆಗೆ ಹೊರಟ ಮಕ್ಕಳೂ ಇದ್ದರು. ಆಮೇಲೂ ಕಾರುಗಳು ಅದೇ ನಾಲೆಗೆ ಬಿದ್ದಿವೆ. ತಡೆಗೋಡೆಯಿಲ್ಲದ ನಾಲೆ ಏರಿಯ ಮೇಲೆ, ನೆರಳು ಚೆನ್ನಾಗಿದೆಯೆಂದು, ಮಕ್ಕಳನ್ನು ಸೈಕಲ್ಲಿನಲ್ಲಿ ಕರೆದೊಯ್ಯಲೇಬಾರದು. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಕ್ಕೆ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಸೈಕಲ್ಲು ಯಾವುದೂ ಹತ್ತುವಂತಿಲ್ಲ. ಹಾಗಾಗಿ ಶ್ರೀರಂಗಪಟ್ಟಣದ ಸುತ್ತ ಅವೆಲ್ಲವೂ ಸರ್ವಿಸ್ ರಸ್ತೆಗೇ ಇಳಿದಿವೆ. ಕಬ್ಬು ತುಂಬಿದ ಟ್ರ್ಯಾಕ್ಟರಿಗೆ ಹಿಂದೆ ಬರುವ ಸೈಕಲ್ ಕಾಣಿಸುವುದೂ ಇಲ್ಲ.

ಎರಡನ್ನೂ ತೂಗಿದ ಮೇಲೆ ನನ್ನ ಮನಸ್ಸು ಹೀಗಿದೆ. ಮನೆಯಲ್ಲಿ ಪುಟ್ಟ ಮಕ್ಕಳು, ವಯಸ್ಸಾದವರು ಇದ್ದರೆ ದೂರದ ಬೆಟ್ಟಕ್ಕೇ ಹೋಗಲಿ, ಸೈಕಲ್ಲು ಮನೆಯಲ್ಲಿರಲಿ. ಆ ಪ್ರವಾಸ ಅಜ್ಜಿಗೂ ಅಮ್ಮನಿಗೂ ಸೇರಿದ್ದು, ಅದನ್ನು ಶೋಕಿ ಎಂದು ಜರೆಯುವುದು ಸರಿಯಲ್ಲ. ಮಕ್ಕಳು ಎಂಟನೇ ತರಗತಿ ಮುಟ್ಟಿದ್ದರೆ ಆ ಬೇಸಿಗೆ ಮೊದಲು ಮೇಲುಕೋಟೆ ಆಗಲಿ. ಪಾಂಡವಪುರದವರೆಗೆ ಕಾರಿನಲ್ಲೇ ಹೋಗಿ, ನಾಲೆಯನ್ನೂ ಹೆದ್ದಾರಿಯನ್ನೂ ದಾಟಿದ ಮೇಲೆ ಬೆಳಕು ಹರಿಯುವ ಹೊತ್ತಿಗೆ ತುಳಿಯಲು ಶುರು ಮಾಡಬೇಕು. ಎಂಟು ಗಂಟೆಗೆ ದಾರಿಯಲ್ಲಿನ ಜಕ್ಕನಹಳ್ಳಿ ದಾಟಿರಬೇಕು. ಅಪ್ಪನೋ ಅಮ್ಮನೋ ಒಬ್ಬರು ಜೊತೆಯಲ್ಲಿ ತುಳಿಯಲಿ, ಇನ್ನೊಬ್ಬರು ಅಜ್ಜಿಯನ್ನು ಕೂರಿಸಿಕೊಂಡು ಕಾರಿನಲ್ಲಿ ಹಿಂದೆ ಬರಲಿ. ಬುತ್ತಿ ಕಟ್ಟುವುದು ಬೇಡ, ಮೇಲುಕೋಟೆಯಲ್ಲೇ ತಿಂದರಾಯಿತು. ಬಿಸಿಲೇರಿದ ಮೇಲೆ ಸೈಕಲ್ಲುಗಳನ್ನು ಕಾರಿನ ಮೇಲೆ ಕಟ್ಟಿ, ಎಲ್ಲರೂ ಒಟ್ಟಿಗೆ ವಾಪಸು ಬರಲಿ.